ಮುಂದಿನವಳ ಗಾಲಿ

ಕೃಷ್ಣಾ ನದಿಯ ದಂಡೆಯ ಮೇಲೆ ಒಂದು ತಗಡಿನ ಮನೆ. ಅಲ್ಲಿ ಸುಗಲಾ ಅಕ್ಕೋರು ಕೆಲವು ಹುಡುಗಿಯರನ್ನು ಉಳಿಸಿಕೊಂಡು ಸೈಕಲ್ ರೇಸ್ ಕಲಿಸುತ್ತಿದ್ದರು.

ಹರೆಯದಲ್ಲಿ ದೂರದ ರೇಸುಗಳನ್ನು ಗೆದ್ದವರು ಅವರು. ಈಗ ಮೊಣಕಾಲು ಕೇಳುತ್ತಿರಲಿಲ್ಲ. ಹಳೆಯ ಮೊಪೆಡ್ ಮೇಲೆ ಕೂತು ಶಿಷ್ಯೆಯರ ಹಿಂದೆ ಬರುತ್ತಿದ್ದರು.

ಶಿಷ್ಯೆಯರಲ್ಲಿ ದಾನಮ್ಮ ಗಟ್ಟಿ. ಕಸ್ತೂರಿ ಅವಳಿಗೆ ಸರಿಸಮ.

ಸಂಕ್ರಮಣ ಮುಗಿದ ಮೇಲೆ ರಾಜ್ಯದ ತಂಡಕ್ಕೆ ಆಯ್ಕೆ ಇತ್ತು. ಅಕ್ಕೋರು ಒಬ್ಬಳನ್ನು ಮಾತ್ರ ಕಳಿಸಬಹುದಾಗಿತ್ತು.

ದೀಪಾವಳಿ ಮುಗಿದು ಚಳಿ ಬಿತ್ತು. ಅಕ್ಕೋರು ಎಲ್ಲರನ್ನೂ ಅಂಗಳಕ್ಕೆ ಕರೆದರು.

"ಇನ್ನ ಚಳಿ ಮುಗಿಯೂ ತನಕ ಮೆಲ್ಲಗ. ದೂರ ಹೋಗ್ರಿ, ಜೋರ ಹೋಗಬ್ಯಾಡ್ರಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡ್ರಿ. ಬಾಯಿ ತೆರೀತು ಅಂದ್ರ ಜೋರ ಆತು ಅಂತ ತಿಳ್ಕೊರಿ."

ದಾನಮ್ಮ ಕೆಲವು ದಿನ ತಡೆದಳು. ಆಮೇಲೆ ಕೇಳಿಯೇಬಿಟ್ಟಳು.

"ಹಿಂಗ ಮೆಲ್ಲಗ ಹೊಡದ್ರ ರೇಸ್ ಹೆಂಗ ಗೆಲ್ಲೂದ್ರೀ ಅಕ್ಕೋರೆ?"

ಅಕ್ಕೋರು ಅವಳನ್ನು ರಸ್ತೆಯ ಪಕ್ಕದ ಹೊಲಕ್ಕೆ ಕರೆದೊಯ್ದರು. ಬಿಳಿಜೋಳ ಎದೆಮಟ್ಟಕ್ಕೆ ಬೆಳೆದು ನಿಂತಿತ್ತು.

"ಈ ಹೊಲಕ್ಕ ಬಾವಿ ಐತೇನು?"

"ಇಲ್ರೀ."

"ಮಳಿ?"

"ಮಳಿ ನಿಂತು ಎಷ್ಟೋ ದಿನ ಆತಲ್ರೀ."

"ಮತ್ತ ಇದು ಏನು ಕುಡದು ನಿಂತೈತಿ?"

ದಾನಮ್ಮ ಕಾಲಡಿಯ ಕಪ್ಪು ಮಣ್ಣನ್ನು ನೋಡಿದಳು. "ಮಣ್ಣಾಗಿನ ಹಸಿ ಕುಡದು."

"ಹೂಂ. ಮಣ್ಣು ಮೊದಲ ಕೂಡಿಟ್ಟದ್ದನ್ನ ಈಗ ಕುಡೀತೈತಿ. ನೀನೂ ಈಗ ಕೂಡಿಡು, ಮೆಲ್ಲಗ ಹೊಡಿ."

ದಾನಮ್ಮ ತಲೆಯಾಡಿಸಿದಳು. ಮನೆಯ ಕಡೆ ಮರಳುವಾಗ ಅವಳ ತಲೆಯೊಳಗೆ ಬೇರೊಂದು ಮಾತು ಹೊಕ್ಕಿತು.

ಕಸ್ತೂರಿಗೂ ಅಕ್ಕೋರು ಇದನ್ನೇ ಹೇಳಿರಬಹುದೇ? ಅವಳಿಗೆ ಬೇರೇನಾದರೂ ಹೇಳಿದ್ದರೆ?

ಅಂದಿನಿಂದ ಅವಳು ಕಸ್ತೂರಿಯ ಮೇಲೆ ಕಣ್ಣಿಟ್ಟಳು.

ಊಟಕ್ಕೆ ಕೂತಾಗ ಕಸ್ತೂರಿಯ ತಾಟಿನಲ್ಲಿ ಒಂದು ಸಜ್ಜೆರೊಟ್ಟಿ ಹೆಚ್ಚಿದ್ದಂತೆ ಕಂಡಿತು. ಅಕ್ಕೋರು ಕಸ್ತೂರಿಯ ಸೀಟು ಸರಿಮಾಡಲು ತುಂಬ ಹೊತ್ತು ತೆಗೆದುಕೊಂಡಂತೆ ಕಂಡಿತು. ಇಬ್ಬರೂ ಏನೋ ಮಾತಾಡುತ್ತಿದ್ದರು. ದಾನಮ್ಮ ಹತ್ತಿರ ಹೋದಾಗ ಸುಮ್ಮನಾದರು.

ಮಾತು ಮುಗಿದಿತ್ತೋ, ತನ್ನನ್ನು ಕಂಡು ನಿಲ್ಲಿಸಿದರೋ, ಅವಳಿಗೆ ತಿಳಿಯಲಿಲ್ಲ.

ಒಂದು ಮುಂಜಾನೆ ದಾನಮ್ಮ ಹೊಟ್ಟೆನೋವು ಎಂದು ಹೇಳಿ ಹಿಂದೆ ಉಳಿದಳು. ಎಲ್ಲರೂ ಹೊರಟ ಮೇಲೆ ಒಳದಾರಿಯಿಂದ ಹೋಗಿ ರಸ್ತೆಯ ತಿರುವಿನ ಜೋಳದಲ್ಲಿ ಅಡಗಿ ಕೂತಳು. ಇಬ್ಬನಿಯಿಂದ ಮೈಯೆಲ್ಲ ಒದ್ದೆಯಾಯಿತು.

ಕಸ್ತೂರಿ ಮಂಜಿನೊಳಗಿಂದ ಒಬ್ಬಳೇ ಬಂದಳು. ಮೆಲ್ಲಗೆ ಬಂದಳು. ಬಾಯಿ ಮುಚ್ಚಿಕೊಂಡಿದ್ದಳು. ಮೆಲ್ಲಗೆ ದಾಟಿ ಹೋದಳು.

ನಾನು ಇಲ್ಲಿ ಕೂತದ್ದು ಇವಳಿಗೆ ಗೊತ್ತಾಗಿದೆ, ಎಂದುಕೊಂಡಳು ದಾನಮ್ಮ.

ಆ ಮಧ್ಯಾಹ್ನವೇ ಅವಳು ತನ್ನದೊಂದು ದಾರಿ ಹಿಡಿದಳು. ಉಳಿದವರು ಉಂಡು ಮಲಗಿದ ಹೊತ್ತಿನಲ್ಲಿ ಸೈಕಲನ್ನು ಸದ್ದಾಗದಂತೆ ಹೊರಗೆ ತಂದಳು. ಸೇತುವೆಯ ಆಚೆಯ ರಸ್ತೆಯಲ್ಲಿ ತಲೆ ಬಗ್ಗಿಸಿ, ಬಾಯಿ ತೆರೆದು, ಕಾಲು ಸೋಲುವವರೆಗೆ ಹೊಡೆದಳು. ಮರುದಿನವೂ ಹೋದಳು. ಅದರ ಮರುದಿನವೂ ಹೋದಳು.

ದಿನಾ ಬೆಳಗ್ಗೆ ಹುಡುಗಿಯರು ಏಳುವ ಮೊದಲೇ ಅಕ್ಕೋರು ಒಬ್ಬೊಬ್ಬರ ನಾಡಿ ಹಿಡಿದು ನೋಡುತ್ತಿದ್ದರು. ಅಂದು ದಾನಮ್ಮನ ನಾಡಿ ಎಂದಿಗಿಂತ ಜೋರಾಗಿ ಬಡಿಯುತ್ತಿತ್ತು. ಕೈ ಹಿಡಿದವರು ಬಿಡಲಿಲ್ಲ.

"ನಿನ್ನೆ ಮಧ್ಯಾಹ್ನ ಎಲ್ಲಿ ಹೋಗಿದ್ದಿ?"

"ಎಲ್ಲೂ ಇಲ್ರೀ."

ಕೈ ಇನ್ನೂ ಅಕ್ಕೋರ ಬೆರಳುಗಳ ನಡುವೆಯೇ ಇತ್ತು.

"ಯಾರು ಹೇಳಿದ್ರೀ ನಿಮಗ?" ಎಂದಳು ದಾನಮ್ಮ.

"ಈಗ ನೀನ ಹೇಳಿದ್ಯಲ್ಲ."

"ಕಸ್ತೂರಿ ಹೇಳ್ಯಾಳ."

ಅಕ್ಕೋರು ಅವಳ ಕೈಯನ್ನು ಅವಳ ಎದೆಯ ಮೇಲೇ ಇಟ್ಟು, ಮೇಲೆ ಕೌದಿ ಹೊದಿಸಿದರು. "ಇವತ್ತ ನೀ ಮಲ್ಕೊ," ಎಂದು ಎದ್ದು ಹೋದರು.

ದಾನಮ್ಮ ಮಲಗಲಿಲ್ಲ. ಕಸ್ತೂರಿ ಮರಳಿ ಬರುವುದನ್ನೇ ಕಾದಳು.

ಕಸ್ತೂರಿ ಬಂದು, ಹಿತ್ತಲಲ್ಲಿ ಕೂತು ಚಿಮಣಿ ಎಣ್ಣೆಯಲ್ಲಿ ಚೈನು ತೊಳೆಯುತ್ತಿದ್ದಳು. ದಾನಮ್ಮ ಎದುರಿಗೆ ನಿಂತಳು.

"ಅಕ್ಕೋರ ಮುಂದ ಚಾಡಿ ಹೇಳಿದಿ."

"ಏನಂತ?"

"ನಿನಗ ಗೊತ್ತೈತಿ."

"ಗೊತ್ತಿದ್ರ ನಿನ್ನ ಯಾಕ ಕೇಳ್ತಿದ್ದೆ?"

"ನಾಟಕ ಮಾಡಬ್ಯಾಡ. ಆ ಜಾಗಾ ನಿನಗ ಬೇಕಾಗೇತಿ."

"ಹೌದು, ಬೇಕಾಗೇತಿ. ನಿನಗ ಬ್ಯಾಡೇನು?"

ಕಸ್ತೂರಿ ಚೈನನ್ನು ಕೆಳಗಿಟ್ಟಳು. ಅವಳ ಹುಬ್ಬು ಮೊದಲ ಸಲ ಗಂಟಾಯಿತು.

"ಮಧ್ಯಾಹ್ನ ನಾವೆಲ್ಲ ಮಲಗಿದಾಗ ನೀ ಎಲ್ಲಿ ಹೋಗ್ತಿ ದಾನವ್ವ?"

ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಾಯತೊಡಗಿದರು. ಗಾಲಿಗೆ ಗಾಳಿ ತುಂಬಿದ ಮೇಲೆ ಇಬ್ಬರೂ ಇನ್ನೊಮ್ಮೆ ಒತ್ತಿ ನೋಡುತ್ತಿದ್ದರು. ನೀರಿನ ಬಾಟಲಿಯನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಅಕ್ಕೋರು ಎಲ್ಲವನ್ನೂ ನೋಡಿದರು.

ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ದಿನ ಎಲ್ಲಕ್ಕಿಂತ ದೂರದ ಸವಾರಿ ಇತ್ತು. ಎದುರುಗಾಳಿ ಬೀಸುತ್ತಿತ್ತು. ಅಕ್ಕೋರು ಹುಡುಗಿಯರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು.

"ಮುಂದಿನಾಕಿ ಗಾಳಿ ಸೀಳ್ತಾಳ. ಹಿಂದಿನಾಕಿಗೆ ಅರ್ಧ ದಣಿವು ಕಡಿಮಿ. ಆದ್ರ ಹತ್ತಿರ ಇರಬೇಕು. ನಡಕ ಒಂದು ಗೇಣು, ಹೆಚ್ಚಿಗಿ ಬ್ಯಾಡ. ಕಸ್ತೂರಿ ಮುಂದ. ದಾನವ್ವ, ಆಕಿ ಹಿಂದ ನೀ."

ಬೇಕೆಂದೇ ಹೀಗೆ ಮಾಡಿದ್ದಾರೆ, ಎಂದುಕೊಂಡಳು ದಾನಮ್ಮ.

ಸಾಲು ಹೊರಟಿತು. ದಾನಮ್ಮನ ಕಣ್ಣು ಕಸ್ತೂರಿಯ ಹಿಂದಿನ ಗಾಲಿಯ ಮೇಲೆಯೇ ಇತ್ತು. ಇವಳು ಯಾವಾಗಲಾದರೂ ಬ್ರೇಕ್ ಹಿಡಿದೇ ಹಿಡಿಯುತ್ತಾಳೆ. ನನ್ನನ್ನು ಕೆಡವುತ್ತಾಳೆ. ಆಯ್ಕೆಗೆ ಉಳಿದಿರುವುದು ಕೆಲವೇ ದಿನ.

ಊರು ದಾಟಿದರು, ಹೊಲ ದಾಟಿದರು. ದಾನಮ್ಮ ಗಾಲಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಮುಂದೆ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನಿಂದ ಕಬ್ಬು ಬಿದ್ದು ರಸ್ತೆಯಲ್ಲಿ ಹರಡಿತ್ತು. ಕಸ್ತೂರಿ ಕೈಯೆತ್ತಿ, ನೆಲಕ್ಕೆ ಬೆರಳು ತೋರಿಸಿ, ವೇಗ ತಗ್ಗಿಸಿದಳು.

ಹಿಂದಿದ್ದವರೆಲ್ಲ ವೇಗ ತಗ್ಗಿಸಿದರು. ದಾನಮ್ಮ ತಗ್ಗಿಸಲಿಲ್ಲ.

ಗಾಲಿಗೆ ಗಾಲಿ ತಾಗಿತು.

ದಾನಮ್ಮ ರಸ್ತೆಯ ಅಂಚಿನ ಮೆತ್ತನೆ ಮಣ್ಣಿಗೆ ಬಿದ್ದಳು. ಕಸ್ತೂರಿ ಡಾಂಬರಿನ ಮೇಲೆ ಬಿದ್ದಳು. ಅವಳ ಹೆಗಲಿನ ಎಲುಬು ಮುರಿಯಿತು.

ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಅಕ್ಕೋರು ದಾನಮ್ಮನ ಪಕ್ಕಕ್ಕೆ ಬಂದು ಕೂತರು.

"ಆಕಿ ಬ್ರೇಕ್ ಹಿಡಿದ್ಲು ರೀ," ಎಂದಳು ದಾನಮ್ಮ.

"ಯಾಕ?"

"ನನ್ನ ಕೆಡವಾಕ."

"ಆಕಿ ಕೈ ಎತ್ತಿದ್ದು ನೋಡಿದಿ?"

"ಕೈ?"

"ಹಿಂದಿನವರು ಎಲ್ಲಾರೂ ನೋಡ್ಯಾರ."

"ನಾ ಆಕಿ ಗಾಲಿ ನೋಡಾಕತ್ತಿದ್ದೆ ರೀ."

"ಅಷ್ಟೂ ದಾರಿ?"

"ಅಷ್ಟೂ ದಾರಿ."

"ಮತ್ತ ದಾರಿ ಯಾರು ನೋಡಾಕತ್ತಿದ್ರು?"

ಒಳಗಿನಿಂದ ಕಸ್ತೂರಿ ನರಳುವುದು ಕೇಳಿಸುತ್ತಿತ್ತು. ದಾನಮ್ಮ ಮೊಣಕಾಲುಗಳ ನಡುವೆ ಮುಖ ಹುದುಗಿಸಿದಳು.

ಸಂಕ್ರಮಣ ಮುಗಿಯಿತು. ಅಕ್ಕೋರು ದಾನಮ್ಮನ ಸೈಕಲನ್ನು ತಾವೇ ಒರೆಸಿ ಅಂಗಳದಲ್ಲಿ ನಿಲ್ಲಿಸಿದರು.

"ಆಯ್ಕೆಗೆ ಹೋಗು."

ದಾನಮ್ಮ ಅವರ ಮುಖವನ್ನೇ ನೋಡಿದಳು. ಬೈಗುಳಕ್ಕೆ ಕಾದಿದ್ದಳು ಅವಳು. ಮನೆಗೆ ಕಳಿಸುತ್ತಾರೆಂದು ಬಟ್ಟೆ ಕಟ್ಟಿಟ್ಟಿದ್ದಳು.

"ನನ್ನ ಯಾಕ ಕಳಸ್ತೀರಿ ಅಕ್ಕೋರೆ?"

"ನಿನ್ನ ಕಾಲು ಗಟ್ಟಿ ಅದಾವ. ಹೋಗಿ ಬಾ."

ಇದರಲ್ಲಿ ಏನೋ ಇದೆ ಎಂದುಕೊಳ್ಳುತ್ತಲೇ ದಾನಮ್ಮ ಹೋದಳು. ಮೂರನೆಯ ದಿನ ಬಂದಳು. ಸೈಕಲನ್ನು ಗೋಡೆಗೆ ಆನಿಸಿ ಹೊಸ್ತಿಲ ಹೊರಗೇ ನಿಂತಳು.

"ಹೆಂಗಾತು?" ಎಂದರು ಅಕ್ಕೋರು.

"ಎಲ್ಲಾರಕಿಂತ ಹಿಂದ ಬಂದೆ ರೀ."

"ಕಾಲು ಕೈ ಕೊಟ್ಟುವೇನು?"

"ಇಲ್ರೀ. ಯಾರ ಹಿಂದೂ ಹತ್ತಿರ ಹೋಗಾಕ ಧೈರ್ಯ ಆಗಲಿಲ್ಲ. ಎಲ್ಲಾರೂ ಗುಂಪಿನಾಗ ಹೋದ್ರು. ನಾ ಒಬ್ಬಾಕಿನ ಗಾಳಿಗೆ ಎದಿ ಕೊಟ್ಟೆ."

ಅಕ್ಕೋರು ಒಳಗೆ ಹೋಗಿ ತಾಟು ಹಾಕಿದರು. "ಕೈ ತೊಳ್ಕೊಂಡು ಬಾ. ಉಣ್ಣು."

ಆ ವಾರವೇ ದಾನಮ್ಮ ಕಸ್ತೂರಿಯ ಮನೆಗೆ ಹೋದಳು. ಅದು ನೇಕಾರರ ಓಣಿ. ಪ್ರತಿ ಮನೆಯಲ್ಲೂ ಮಗ್ಗದ ಸದ್ದು. ಕಸ್ತೂರಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅವಳ ಅವ್ವ ಚಹಾ ತಂದಿಟ್ಟು ಮಗ್ಗದ ಕಡೆ ಹೋದಳು.

"ತಪ್ಪು ನಂದು," ಎಂದಳು ದಾನಮ್ಮ. "ಆದ್ರ ಬೇಕಂತ ಮಾಡಲಿಲ್ಲ."

"ನೀ ಬೇಕಂತ ಮಾಡಿಲ್ಲ ಅಂತ ನಮ್ಮಪ್ಪನೂ ಅಂತಾನ."

"ನೀ ಏನಂತಿ?"

"ನನಗ ಗೊತ್ತಿಲ್ಲ."

"ಹೆಂಗ ಹೇಳಿದ್ರ ನಂಬ್ತಿ?"

"ಅದೂ ಗೊತ್ತಿಲ್ಲ."

ಚಹಾ ಆರಿಹೋಯಿತು. ದಾನಮ್ಮ ಎದ್ದು ಬಂದಳು.

"ಏನು ಮಾಡಿ ನಂಬಸ್ಲಿ ಅಕ್ಕೋರೆ?" ಎಂದು ಕೇಳಿದಳು ಆ ಸಂಜೆ.

"ಆಕಿ ಬರ್ಲಿ," ಎಂದರು ಅಕ್ಕೋರು.

ಹೋಳಿಹುಣ್ಣಿಮೆ ಕಳೆದು, ಬಿಸಿಲು ಏರತೊಡಗಿದ ಮೇಲೆ ಕಸ್ತೂರಿ ಬಂದಳು. ಎಲುಬು ಕೂಡಿತ್ತು. ಕೈ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ಅಕ್ಕೋರು ದಿನಾ ಅವಳನ್ನು ಒಬ್ಬಳನ್ನೇ ಮೆಲ್ಲಗೆ ಸುತ್ತಿಸಿದರು.

ಒಂದು ಬೆಳಗ್ಗೆ ಎಲ್ಲರನ್ನೂ ಸಾಲಿಗೆ ನಿಲ್ಲಿಸಿದರು.

"ದಾನವ್ವ ಮುಂದ. ಕಸ್ತೂರಿ, ನೀ ಆಕಿ ಹಿಂದ. ಒಂದು ಗೇಣು."

ಯಾರೂ ಮಿಸುಕಲಿಲ್ಲ.

"ಅಕ್ಕೋರೆ, ಬ್ಯಾರೆ ಯಾರರ..." ಎಂದಳು ದಾನಮ್ಮ.

"ಒಂದು ಗೇಣು," ಎಂದರು ಅಕ್ಕೋರು, ಮೊಪೆಡ್ ಚಾಲೂ ಮಾಡುತ್ತ.

ಸಾಲು ಹೊರಟಿತು. ದಾನಮ್ಮನ ಬೆನ್ನು ಉರಿಯುತ್ತಿತ್ತು. ಹಿಂದೆ ಅವಳಿದ್ದಾಳೆ. ಈಗ ಅವಳ ಸರದಿ. ದಾನಮ್ಮ ಹೊರಳಿ ನೋಡಿದಳು. ಸ್ವಲ್ಪ ದೂರ ಹೋಗಿ ಮತ್ತೆ ನೋಡಿದಳು. ಮತ್ತೆ ನೋಡಿದಳು.

"ಹೊಳ್ಳಿ ನೋಡಬ್ಯಾಡ," ಎಂದಳು ಕಸ್ತೂರಿ ಹಿಂದಿನಿಂದ. "ನೀ ನೋಡಿದಾಗೊಮ್ಮೆ ಸೈಕಲ್ ಅಲಗಾಡ್ತೈತಿ."

ದಾನಮ್ಮ ಹಲ್ಲು ಕಚ್ಚಿ ಮುಂದೆ ನೋಡಿದಳು. ಹಿಂದಿನ ಗಾಲಿಯ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಅದು ಹಿಂದೆ ಸರಿಯಲಿಲ್ಲ. ಮುಂದೆ ನುಗ್ಗಲಿಲ್ಲ. ಸೇತುವೆಯವರೆಗೂ ಅಷ್ಟೇ ಹತ್ತಿರ ಇತ್ತು.

ಸೇತುವೆಯ ಮೇಲೆ ಎಲ್ಲರೂ ಇಳಿದರು. ಕೆಳಗೆ ಹೊಳೆ ಸಣ್ಣಗೆ ಹರಿಯುತ್ತಿತ್ತು. ದಾನಮ್ಮ ಕಸ್ತೂರಿಯ ಬಳಿಗೆ ಹೋದಳು.

"ಈಗ ನಿನಗ ನನ್ನ ಮ್ಯಾಲೆ ಅನುಮಾನ ಇಲ್ಲೇನು?"

"ಐತಿ."

"ಮತ್ತ ಅಷ್ಟು ಹತ್ತಿರ ಹೆಂಗ ಬಂದಿ?"

"ದೂರ ಇದ್ರ ಗಾಳಿ ಬಡೀತೈತಿ," ಎಂದಳು ಕಸ್ತೂರಿ. ತನ್ನ ಬಾಟಲಿಯಿಂದ ನೀರು ಕುಡಿದು, ಮುಚ್ಚಳ ಬಿಗಿ ಮಾಡಿ, ಸೈಕಲ್ಲಿಗೆ ಸಿಕ್ಕಿಸಿದಳು.

ಅಕ್ಕೋರು ರಸ್ತೆಯ ಬದಿಗೆ ಮೊಪೆಡ್ ನಿಲ್ಲಿಸಿ ಪ್ಲಗ್ ಬಿಚ್ಚಿ ಒರೆಸುತ್ತಿದ್ದರು. ದಾನಮ್ಮ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಕಿಗೆ ನನ್ನ ಮ್ಯಾಲೆ ಇನ್ನೂ ಅನುಮಾನ ಐತ್ರೀ ಅಕ್ಕೋರೆ."

ಅಕ್ಕೋರು ಪ್ಲಗ್ಗನ್ನು ಬಾಯಿಯ ಹತ್ತಿರ ಹಿಡಿದು ಒಮ್ಮೆ ಊದಿದರು.

"ಇರ್ಲಿ ಬಿಡು. ನೀ ನೆಟ್ಟಗ ಹೊಡಿ."