ಸ್ವಾಮಿಗಳ ದಾರ, ಸಂಕಣ್ಣನ ಗಡಿಗೆ

"ಈ ದಾರ ಕಟ್ಟಿಕೊಂಡವನನ್ನು ಹಾವು ಕಚ್ಚುವುದಿಲ್ಲ. ಕಚ್ಚಿದರೂ ವಿಷ ಏರುವುದಿಲ್ಲ. ಏರಿ ಸತ್ತರೆ, ಅವನಿಗೆ ನಂಬಿಕೆ ಸಾಲದು ಎಂದರ್ಥ!"

ಕೆಂಚಗಿರಿಯ ಆಸ್ಥಾನದಲ್ಲಿ ಸರ್ಪಾನಂದ ಸ್ವಾಮಿಗಳು ಎದೆಯುಬ್ಬಿಸಿ ಹೀಗೆಂದಾಗ ದೊರೆ ಬೊಮ್ಮರಸನ ಮೈ ಪುಳಕಗೊಂಡಿತು. ಆಗಲೇ ಅವನ ತೋಳಲ್ಲಿ ಅಂಥ ಮೂರು ದಾರಗಳಿದ್ದವು.

ಮೂಲೆಯಲ್ಲಿ ಕೂತಿದ್ದ ವಿದೂಷಕ ಸಂಕಣ್ಣ ಕೇಳಿದ: "ಅಂದರೆ, ದಾರ ಕೆಲಸ ಮಾಡಲಿಲ್ಲ ಅಂತ ದೂರು ಕೊಡಲು ಒಬ್ಬನೂ ಉಳಿದಿರುವುದಿಲ್ಲ. ಅಲ್ಲವೇ ಸ್ವಾಮಿ?"

"ನಾಸ್ತಿಕನ ಬಾಯಿಗೆ ಬೀಗವಿಲ್ಲ!" ಸ್ವಾಮಿಗಳು ಕಣ್ಣು ಕೆಂಪಗೆ ಮಾಡಿದರು.

ಸಂಕಣ್ಣ ಅಷ್ಟಕ್ಕೇ ಸುಮ್ಮನಾಗುತ್ತಿದ್ದನೋ ಏನೋ. ಆದರೆ ದೊರೆ ಅಪ್ಪಣೆಯನ್ನೇ ಕೊಟ್ಟುಬಿಟ್ಟ: "ಇಂಥ ದಾರ ಇರುವಾಗ ಹೊನ್ನಜ್ಜಿಯ ಮದ್ದೇಕೆ? ಆ ಮುದುಕಿಯ ಗಿಡಮೂಲಿಕೆ ತೋಟ ಕಿತ್ತುಹಾಕಿ, ಸ್ವಾಮಿಗಳಿಗೆ ಅಲ್ಲೊಂದು ಮಠ ಕಟ್ಟಿಸಿ!"

ಸಂಕಣ್ಣ ಎದ್ದು ನಿಂತ. ಅವನ ಇಬ್ಬರು ಮಕ್ಕಳು ಚಳಿಜ್ವರದಿಂದ ಎದ್ದು ಕೂತದ್ದು ಅಜ್ಜಿಯ ಕಷಾಯದಿಂದ. ತೋಟ ಹೋದರೆ ಅಜ್ಜಿಗೆ ಬೇರೆ ಗತಿಯೂ ಇರಲಿಲ್ಲ.

"ಪ್ರಭು, ತೋಟ ಕೀಳುವ ಮೊದಲು ಸ್ವಾಮಿಗಳು ಘಟಸರ್ಪ ಮುಟ್ಟಲಿ" ಎಂದ. ಹಾವಿರುವ ಗಡಿಗೆಗೆ ಕೈಹಾಕಿ ಸತ್ಯ ತೋರಿಸುವುದು ಆ ನಾಡಿನ ಹಳೆಯ ಪದ್ಧತಿ.

"ಆಗಲಿ. ಅವರು ಗೆದ್ದರೆ ಅಜ್ಜಿಯ ಜೊತೆ ನೀನೂ ಊರು ಬಿಡಬೇಕು."

"ಬಿಡುತ್ತೇನೆ."

ಮರುದಿನ ಸಂಕಣ್ಣ ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯೊಂದನ್ನು ಉಸಿರು ಬಿಗಿಹಿಡಿದು ತಂದು ಸಭೆಯ ನಡುವೆ ಇಟ್ಟ. "ಎರಡು ಮಾರುದ್ದದ ನಾಗರ. ನಿನ್ನೆಯಿಂದ ಉಪವಾಸ. ಕೋಪದಲ್ಲಿದೆ. ದಯಮಾಡಿಸಿ ಸ್ವಾಮಿ."

ಸ್ವಾಮಿಗಳ ಹಣೆಯಲ್ಲಿ ವಿಭೂತಿ ಕರಗತೊಡಗಿತು. "ಇವತ್ತು ತಿಥಿ ಸರಿಯಿಲ್ಲ."

"ಹಾವು ಪಂಚಾಂಗ ನೋಡಿ ಕಚ್ಚುತ್ತದೆಯೇ?"

"ದೇವರನ್ನು ಪರೀಕ್ಷೆ ಮಾಡಬಾರದಪ್ಪಾ!"

"ದೇವರನ್ನು ಯಾರು ಕೇಳಿದರು ಸ್ವಾಮಿ? ಪರೀಕ್ಷೆ ದಾರಕ್ಕೆ."

ಹೀಗೆನ್ನುತ್ತಾ ಸಂಕಣ್ಣ ಬಟ್ಟೆ ಬಿಚ್ಚಿ, ಕಾಲು ಜಾರಿದವನಂತೆ ಗಡಿಗೆಯನ್ನು ಉರುಳಿಸಿಬಿಟ್ಟ. ಸ್ವಾಮಿಗಳು ಪಾದುಕೆ ಬಿಟ್ಟು ಬಾಗಿಲಾಚೆ ಓಡಿದರು. ಮಂತ್ರಿ ಕಂಬ ತಬ್ಬಿಕೊಂಡ. ದೊರೆ ಎರಡೂ ಕಾಲು ಸಿಂಹಾಸನದ ಮೇಲೆಳೆದುಕೊಂಡು ಕುಕ್ಕರುಗಾಲಲ್ಲಿ ಕೂತ.

ಗಡಿಗೆ ಉರುಳಿ ಉರುಳಿ ನಿಂತಿತು. ಅದರಿಂದ ಒಂದು ಹಲ್ಲಿಯೂ ಹೊರಬರಲಿಲ್ಲ.

"ಖಾಲಿ ಗಡಿಗೆಯೇನೋ!" ದೊರೆ ಕೂಗಿದ.

"ಖಾಲಿಯೇ ಪ್ರಭು. ದಾರವನ್ನು ಎಲ್ಲರೂ ಕಣ್ಣಾರೆ ನೋಡಿದ್ದೀರಿ, ತಾವಂತೂ ತೋಳಿಗೇ ಕಟ್ಟಿಕೊಂಡಿದ್ದೀರಿ. ಅದನ್ನು ಯಾರೂ ನಂಬಲಿಲ್ಲ. ಹಾವನ್ನು ಯಾರೂ ನೋಡಲಿಲ್ಲ. ಅದನ್ನು ಮಾತ್ರ ಎಲ್ಲರೂ ನಂಬಿದಿರಿ. ಸ್ವಾಮಿಗಳೂ ಸೇರಿ."

ದೊರೆಯ ಮುಖ ಮೊದಲು ಕೆಂಪಾಯಿತು. ಆಮೇಲೆ ತಾನು ಕೂತ ಭಂಗಿ ಅವನಿಗೇ ಕಂಡು, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಮೂರೂ ದಾರ ಕಿತ್ತೆಸೆದ. ತೋಟ ಹೊನ್ನಜ್ಜಿಗೇ ಇರಲಿ, ಸುತ್ತ ಬೇಲಿಯನ್ನೂ ಅರಮನೆಯಿಂದಲೇ ಹಾಕಿಸಿಕೊಡಿ ಎಂದು ಅಪ್ಪಣೆಯಾಯಿತು. ಸಂಕಣ್ಣನ ಹೆಗಲಿಗೆ ತನ್ನ ಜರಿಶಾಲು ಹೊದಿಸುವಾಗ ದೊರೆಗೆ ಏನೋ ಹೊಳೆಯಿತು.

"ಅಲ್ಲಯ್ಯಾ, ಆ ಮನುಷ್ಯ ಧೈರ್ಯ ಮಾಡಿ ಕೈ ಹಾಕಿಬಿಟ್ಟಿದ್ದರೆ? ಏನೂ ಆಗುತ್ತಿರಲಿಲ್ಲ. ದಾರ ಗೆದ್ದಂತಾಗುತ್ತಿತ್ತು. ನೀನು ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಯಾವ ಆಧಾರದ ಮೇಲೆ ಖಾಲಿ ಗಡಿಗೆ ತಂದೆ?"

ಸಂಕಣ್ಣ ಶಾಲು ಸರಿಮಾಡಿಕೊಂಡ.

"ನಾನೂ ಆಸ್ತಿಕನೇ ಪ್ರಭು. ಸ್ವಾಮಿಗಳಿಗೆ ಆ ದಾರದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ ಅಂತ ನನಗೆ ಅಚಲವಾದ ನಂಬಿಕೆಯಿತ್ತು!"