ಪರದೆಯ ಆಚೆಯ ನಗು

“ಗುರುಗಳೇ, ಕತೆ ಕೇಳಿ ಮಕ್ಕಳು ಬದಲಾಗುತ್ತಾರೆಯೇ?” ಎಂದು ಶಿಷ್ಯ ಕೇಳಿದ. ಅವನು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ. “ನನ್ನ ತರಗತಿಯಲ್ಲಿ ಕುಂಟುತ್ತ ನಡೆಯುವ ಹುಡುಗನೊಬ್ಬನಿದ್ದಾನೆ. ಇನ್ನೊಬ್ಬ ದಿನವೂ ಅವನನ್ನು ಅಣಕಿಸುತ್ತಾನೆ. ಅದೂ ಎಷ್ಟು ಚೆನ್ನಾಗಿ ಎಂದರೆ, ಒಮ್ಮೆ ನನಗೇ ನಗು ತಡೆಯಲಾಗಲಿಲ್ಲ. ಕರುಣೆಯ ಕತೆಗಳನ್ನೆಲ್ಲ ಹೇಳಿ ನೋಡಿದೆ. ಕಣ್ಣು ಒರೆಸಿಕೊಂಡು ಕೇಳುತ್ತಾರೆ. ಗಂಟೆ ಹೊಡೆದ ಮೇಲೆ ಮತ್ತೆ ಅದೇ. ಕುಂಟುವ ಹುಡುಗ ಈಗ ಶಾಲೆಗೆ ಬರುವುದನ್ನೇ ಬಿಟ್ಟಿದ್ದಾನೆ.”

ಗುರು ಒಂದು ಕತೆ ಹೇಳಿದರು:

ಒಬ್ಬ ತೊಗಲುಗೊಂಬೆ ಆಟದವನಿದ್ದ. ಊರಿಂದೂರಿಗೆ ಹೋಗಿ ಆಟ ಆಡಿಸುತ್ತಿದ್ದ. ಅವನ ಬಳಿ ಇಬ್ಬರು ವಿದ್ಯೆ ಕಲಿಯುತ್ತಿದ್ದರು. ಓಬಳೇಶ ಮಾತಿನಲ್ಲಿ ಚುರುಕು. ಯಾರ ದನಿಯನ್ನಾದರೂ ತೆಗೆಯುತ್ತಿದ್ದ. ಸಣ್ಣೀರ ತೊದಲುತ್ತಿದ್ದ. ಅವನಿಗೆ ತಾಳ ಹಾಕುವ ಕೆಲಸ ಕೊಟ್ಟಿದ್ದರು.

ಆಟದಲ್ಲಿ ರಾಜನಿಗೆ ಸುದ್ದಿ ತರುವ ಹಾಸ್ಯದ ದೂತನೊಬ್ಬ ಬರುತ್ತಾನೆ. ಓಬಳೇಶ ಆ ದೂತನಿಗೆ ಸಣ್ಣೀರನ ತೊದಲನ್ನು ಹಾಕಿದ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಊರಿನವರು ಅದನ್ನೇ ಕೇಳತೊಡಗಿದರು. ಸಣ್ಣೀರ ತಲೆ ತಗ್ಗಿಸಿ ತನ್ನ ಅಣಕಕ್ಕೆ ತಾನೇ ತಾಳ ಹಾಕುತ್ತಿದ್ದ.

ಒಂದು ದಿನ ಅವನು ಬಟ್ಟೆಯ ಗಂಟು ಕಟ್ಟಿದ.

“ಎಲ್ಲಿಗೋ?” ಎಂದ ಆಟದವನು.

“ಊ... ಊರಿಗೆ. ಈ ವಿದ್ಯೆ ನನಗೆ ಬೇಡ.”

“ಈ ಸಂಜೆ ತಾಳ ಹಾಕಿ ಹೋಗು,” ಎಂದು ಹೇಳಿ ಆಟದವನು ಓಬಳೇಶನ ಬಳಿ ಹೋದ. ಬಯ್ಯಲಿಲ್ಲ. “ಇವತ್ತು ದೂತನ ಗೊಂಬೆಯ ಕೋಲು ನನ್ನ ಕೈಯಲ್ಲಿರಲಿ. ಮಾತು ನಿನ್ನದೇ. ಪರದೆಯ ಅಂಚು ಸರಿಸಿ, ಜನರನ್ನು ನೋಡುತ್ತ ಮಾತಾಡು,” ಎಂದ.

ಗೊಂಬೆ ಆಡಿಸುವವನು ಪರದೆಯ ಹಿಂದೆ ಕೂತಿರುತ್ತಾನೆ. ಅವನಿಗೆ ನಗು ಕೇಳುತ್ತದೆ, ನಗುವವರು ಕಾಣುವುದಿಲ್ಲ. ಓಬಳೇಶ ಅದುವರೆಗೆ ಜನರ ಮುಖ ನೋಡಿರಲಿಲ್ಲ.

ದೂತ ಬಂದ. ಓಬಳೇಶ ತೊದಲಿದ. ನಗು ಎದ್ದಿತು. ಆದರೆ ಮಕ್ಕಳ ಸಾಲಿನಲ್ಲಿ ಯಾರೂ ಪರದೆಯನ್ನು ನೋಡುತ್ತಿರಲಿಲ್ಲ. ತಲೆಗಳೆಲ್ಲ ಹಿಂದಕ್ಕೆ ತಿರುಗಿದ್ದವು. ಅಲ್ಲೊಬ್ಬ ಹುಡುಗಿ ಕೂತಿದ್ದಳು. “ಏ ಗೌರಿ, ನಿಮ್ಮಣ್ಣ ಬಂದ ನೋಡೇ! ಮಾತಾಡ್ಸೇ!” ಎಂದು ಒಬ್ಬ ಕೂಗಿದ. “ನಾ... ನಾ...” ಎಂದು ಅವಳು ಏನೋ ಹೇಳಹೋದಳು; ಅವಳೂ ತೊದಲುತ್ತಿದ್ದಳು. ಮಾತು ತುಟಿಯಲ್ಲೇ ಸಿಕ್ಕಿಕೊಂಡಿತು. ಮೊಣಕಾಲ ನಡುವೆ ಮುಖ ಹುದುಗಿಸಿದಳು.

ಓಬಳೇಶನ ದನಿ ನಿಂತುಹೋಯಿತು. ಪರದೆಯ ಮೇಲೆ ದೂತ ಮೂಕನಾಗಿ ನಿಂತ.

“ಏನ್ರಪ್ಪಾ, ಗೊಂಬೆಗೆ ನಿದ್ದೆ ಬಂತಾ?” ಎಂದು ಯಾರೋ ಕೂಗಿದರು.

ಆಟದವನು ರಾಜನ ದನಿಯಲ್ಲಿ ಗದರಿದ: “ಎಲವೋ ದೂತ, ಸುದ್ದಿ ಏನು? ಬೇಗ ಹೇಳು! ಬೇಗ!”

ಓಬಳೇಶನಿಂದ ಆಗಲಿಲ್ಲ. ತಾಳ ಹಿಡಿದವನಿಗೆ ಆಟ ಕೆಡುವುದನ್ನು ನೋಡಲಾಗಲಿಲ್ಲ. ಸಣ್ಣೀರ ಬಾಯಿ ತೆರೆದ.

“ಹೇ... ಹೇಳ್ತೀನಿ, ಸ್ವಾಮಿ.”

“ಬೇಗ ಹೇಳು!”

“ನೀವು ನ... ನಡುವೆ ಬಾಯಿ ಹಾಕದೇ ಇದ್ದಿದ್ದರೆ, ಇಷ್ಟು ಹೊತ್ತಿಗೆ ಹೇಳಿ ಮುಗಿಸಿ ಊ... ಊಟಕ್ಕೆ ಹೋಗಿರುತ್ತಿದ್ದೆ!”

ಜನ ಮತ್ತೆ ನಕ್ಕರು. ಈ ಸಲ ರಾಜನನ್ನು ನೋಡಿ ನಕ್ಕರು. ತಿರುಗಿದ್ದ ತಲೆಗಳು ಪರದೆಯ ಕಡೆ ಬಂದವು. ಹುಡುಗಿ ಮುಖ ಎತ್ತಿದಳು. ಕೊನೆಗೆ ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಓಬಳೇಶ ಅಂಚು ಹಿಡಿದು ನೋಡುತ್ತಲೇ ಇದ್ದ.

ಆಟ ಮುಗಿಯಿತು. ಓಬಳೇಶ ಸಣ್ಣೀರನ ಗಂಟು ಬಿಚ್ಚಿದ. ಒಳಗಿದ್ದ ಬಟ್ಟೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹರಡಿದ.

“ಅವು ಒ... ಒಣಗಿವೆ ಕಣೋ,” ಎಂದ ಸಣ್ಣೀರ.

“ಇರಲಿ ಬಿಡೋ,” ಎಂದ ಓಬಳೇಶ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ತಿಳಿಯಿತು, ಗುರುಗಳೇ. ಕತೆ ಹೇಳಿದರೆ ಸಾಲದು, ಮಕ್ಕಳಿಂದಲೇ ಆಡಿಸಬೇಕು. ಅಣಕಿಸುವವನಿಗೆ ಎದುರಿನ ಮುಖ ಕಾಣಬೇಕು. ನಾಳೆಯೇ ಅವನಿಗೊಂದು ಪಾತ್ರ ಕೊಡುತ್ತೇನೆ.”

“ಕೊಡು, ಒಳ್ಳೆಯದೇ,” ಎಂದು ಗುರು ಅವನ ಭುಜದ ಮೇಲೆ ಕೈ ಇಟ್ಟರು. “ಆದರೆ ಮಗು, ಅವನ ಅಣಕಕ್ಕೆ ನೀನು ನಕ್ಕ ದಿನ ನಿನ್ನ ತರಗತಿಯ ತಲೆಗಳೆಲ್ಲ ತಿರುಗಿದ್ದು ನಿನ್ನ ಮುಖದ ಕಡೆಗೆ.”