ಪ್ರಶಸ್ತಿ ಬಂದ ಗೋಡೆ

"ಗುರುಗಳೇ, ಕೆಲಸ ಬಲ್ಲ ವಾಸ್ತುಶಿಲ್ಪಿ ತನ್ನ ಕಟ್ಟಡವನ್ನು ಪರದೇಶದ ಪ್ರಶಸ್ತಿಗೆ ಕಳಿಸುವುದು ಆಸೆಯೋ, ಅಗತ್ಯವೋ?" ಎಂದು ವಾರಿಜಾ ಕೇಳಿದಳು.

ಅವಳು ಗುರುಗಳ ಬಳಿ ಕಟ್ಟಡದ ವಿದ್ಯೆ ಕಲಿತವಳು. ಈಗ ಸ್ವಂತ ಕಚೇರಿ ನಡೆಸುತ್ತಿದ್ದಳು. ತನ್ನ ಹೊಸ ಕಟ್ಟಡವನ್ನು ಪ್ರಶಸ್ತಿಗೆ ಕಳಿಸುವ ಮೊದಲು ಒಂದು ಮಾತು ಕೇಳಿಹೋಗೋಣವೆಂದು ಬಂದಿದ್ದಳು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಾಸ್ತುಶಿಲ್ಪಿ ಇದ್ದ. ಅವನಿಗೊಬ್ಬ ಗೆಳೆಯ. ಇಬ್ಬರೂ ಜೊತೆಯಲ್ಲಿ ಓದಿದವರು, ಜೊತೆಯಲ್ಲೇ ಕಚೇರಿ ತೆರೆದವರು. ವಾಸ್ತುಶಿಲ್ಪಿಗೆ ರೂಪದ ಕಣ್ಣಿತ್ತು. ಗೆಳೆಯನಿಗೆ ಒಳಗೆ ಇರುವವರ ಚಿಂತೆ. ಒಬ್ಬನ ಗೆರೆಯನ್ನು ಇನ್ನೊಬ್ಬ ತಿದ್ದುತ್ತಿದ್ದ. ಹಾಗೆ ತಿದ್ದಿ ತಿದ್ದಿ ಕಟ್ಟಿದ ತರಕಾರಿ ಮಾರುಕಟ್ಟೆಯಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ ಜನ ನೆಮ್ಮದಿಯಾಗಿದ್ದರು. ಆದರೆ ನೆಮ್ಮದಿಯಾಗಿರುವವರು ಕಟ್ಟಿದವರ ಹೆಸರು ಕೇಳುವುದಿಲ್ಲ.

ಊರಿಗೊಂದು ದೊಡ್ಡ ಗ್ರಂಥಾಲಯ ಬೇಕಾಯಿತು. ಆ ಕೆಲಸ ಹೊರಗಿನವನೊಬ್ಬನಿಗೆ ಹೋಯಿತು. "ನಿಮ್ಮ ಕೆಲಸದಲ್ಲಿ ಕುಂದಿಲ್ಲ. ಆದರೆ ಅವರಿಗೆ ಪರದೇಶದ ಪ್ರಶಸ್ತಿ ಬಂದಿದೆ" ಎಂದರು ಊರಿನ ಹಿರಿಯರು. ಮುಂದಿನ ಕೆಲಸವೂ ಹಾಗೆಯೇ ಕೈತಪ್ಪಿತು. ಕಚೇರಿಯಲ್ಲಿ ಪಳಗಿದ ತರುಣರು ಒಬ್ಬೊಬ್ಬರಾಗಿ ಪ್ರಶಸ್ತಿ ಪಡೆದವರ ಕಡೆ ಹೊರಟರು. ವಾಸ್ತುಶಿಲ್ಪಿಗೆ ಹೊಟ್ಟೆಕಿಚ್ಚಾಗಲಿಲ್ಲ, ಭಯವಾಯಿತು. ಕೆಲಸವೇ ಬಾರದಿದ್ದರೆ ಕಲಿತ ವಿದ್ಯೆ ತುಕ್ಕು ಹಿಡಿಯುತ್ತದೆ. ಪ್ರಶಸ್ತಿಗೆ ಕಳಿಸೋಣ ಎಂದ. ಗೆಳೆಯನೂ ಬೇಡವೆನ್ನಲಿಲ್ಲ.

ಹೆರಿಗೆ ಆಸ್ಪತ್ರೆಯನ್ನು ಕಳಿಸಿದರು. ಪ್ರಶಸ್ತಿ ಬರಲಿಲ್ಲ. ತೀರ್ಪುಗಾರರು ಯಾವ ಕಟ್ಟಡದ ಬಳಿಗೂ ಹೋಗುವವರಲ್ಲ, ಫೋಟೊ ನೋಡಿ ಆರಿಸುವವರು. ಆ ಆಸ್ಪತ್ರೆಯ ಸೊಗಸು ಅದರ ತಂಪಿನಲ್ಲಿತ್ತು. ತಂಪು ಫೋಟೊದಲ್ಲಿ ಬೀಳುವುದಿಲ್ಲ. ಇದು ವಾಸ್ತುಶಿಲ್ಪಿಯ ಮನಸ್ಸಿಗೆ ಹತ್ತಿತು.

ಅಷ್ಟರಲ್ಲಿ ಅಂಧ ಮಕ್ಕಳ ಶಾಲೆಯೊಂದನ್ನು ಕಟ್ಟುವ ಕೆಲಸ ಬಂತು. ಗೆಳೆಯ ಆ ಮಕ್ಕಳ ಜೊತೆ ಓಡಾಡಿ, ಅವರು ಹೇಗೆ ನಡೆಯುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡಿಬಂದು ನಕ್ಷೆ ಬರೆದ. ಗೋಡೆಯುದ್ದಕ್ಕೂ ಕೈಗೆ ನಿಲುಕುವ ಎತ್ತರದಲ್ಲಿ ಮರದ ಪಟ್ಟಿ. ಮೆಟ್ಟಿಲು ಬರುವ ಮೊದಲೇ ಕಾಲಿಗೆ ತಿಳಿಯುವಂತೆ ಅಲ್ಲಲ್ಲಿ ಒರಟು ಕಲ್ಲಿನ ನೆಲ.

ವಾಸ್ತುಶಿಲ್ಪಿ ನಕ್ಷೆಯನ್ನು ಬಹಳ ಹೊತ್ತು ನೋಡಿದ. "ಈ ಪಟ್ಟಿ ಗೋಡೆಯನ್ನು ಸೀಳಿಹಾಕುತ್ತದೆ. ನೆಲವೆಲ್ಲ ಒಂದೇ ನುಣುಪು ಕಲ್ಲಾದರೆ ಫೋಟೊ ಹೇಗೆ ಬರುತ್ತದೆ ಯೋಚಿಸು."

"ಫೋಟೊ ನೋಡುವವರು ಆ ಶಾಲೆಯಲ್ಲಿ ಯಾರಿದ್ದಾರೆ?" ಎಂದ ಗೆಳೆಯ.

"ಇದೊಂದು ಸಲ ನನ್ನ ಮಾತು ಕೇಳು. ಪ್ರಶಸ್ತಿ ಬರಲಿ, ಮುಂದಿನದೆಲ್ಲ ನೀನು ಹೇಳಿದಂತೆ ಕಟ್ಟೋಣ. ಪಟ್ಟಿಯನ್ನು ಆಮೇಲೂ ಹಾಕಬಹುದು."

ಗೆಳೆಯ ನಕ್ಷೆಯನ್ನು ಅಲ್ಲೇ ಬಿಟ್ಟು ಎದ್ದ. ಗೋಡೆ ಏಳುವ ಹೊತ್ತಿಗೆ ಕಚೇರಿ ಬಿಟ್ಟು ಬೇರೆ ಊರಿಗೆ ಹೋದ. ಜಗಳವಾಡಲಿಲ್ಲ. ಜಗಳವಾಡಿಯಾದರೂ ಹೋಗಿದ್ದರೆ ಚೆನ್ನಾಗಿತ್ತೆಂದು ವಾಸ್ತುಶಿಲ್ಪಿಗೆ ಮುಂದೆ ಎಷ್ಟೋ ಸಲ ಅನ್ನಿಸಿತು.

ಶಾಲೆ ಎದ್ದಿತು. ಮಕ್ಕಳು ಬರುವ ಮೊದಲೇ ಫೋಟೊ ತೆಗೆಸಿದರು. ಉದ್ದಕ್ಕೂ ಬಿಳಿಯ ಗೋಡೆ, ನೀರಿನಂತೆ ಹೊಳೆಯುವ ನೆಲ. ಆ ವರ್ಷ ಪ್ರಶಸ್ತಿ ಬಂತು. ವಾಸ್ತುಶಿಲ್ಪಿ ಕಡಲು ದಾಟಿ ಹೋಗಿ ದೊಡ್ಡ ಸಭೆಯ ಮುಂದೆ ನಿಂತ. ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದಾಗ, ಇಲ್ಲವೆಂದು ಗೊತ್ತಿದ್ದೂ ಸಭೆಯಲ್ಲಿ ಗೆಳೆಯನ ಮುಖವನ್ನು ಹುಡುಕಿದ.

ಊರಿಗೆ ಮರಳುವುದರೊಳಗೆ ಕೆಲಸಗಳು ಬಾಗಿಲಿಗೆ ಬಂದಿದ್ದವು. ಅವನು ಅಂದುಕೊಂಡದ್ದು ಸುಳ್ಳಾಗಲಿಲ್ಲ. ಬಿಟ್ಟುಹೋದ ತರುಣರೂ ಹಿಂದಿರುಗಿದರು. ಮರದ ಪಟ್ಟಿಯ ಮಾತು ಮಾತ್ರ ಇಂದು ನಾಳೆ ಎಂದು ಹಿಂದೆ ಬಿತ್ತು.

ಕೊನೆಗೊಂದು ದಿನ ಯಾರಿಗೂ ಹೇಳದೆ ಶಾಲೆಗೆ ಹೋದ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಗೋಡೆಯುದ್ದಕ್ಕೂ ಹಗ್ಗ ಕಟ್ಟಿತ್ತು. ಸಂಗೀತ ಕಲಿಸುವ ಮೇಷ್ಟ್ರೊಬ್ಬರು ಹಗ್ಗ ಹಿಡಿದು ಬರುತ್ತಿದ್ದರು. ಅವರಿಗೂ ಕಣ್ಣಿರಲಿಲ್ಲ.

"ಕಾಲಿನ ಸದ್ದು ಹೊಸದು. ಯಾರು ತಾವು?" ಎಂದರು.

"ಈ ಶಾಲೆ ಕಟ್ಟಿದವನು."

"ಬನ್ನಿ ಬನ್ನಿ. ಬಹಳ ಚೆಂದವಾಗಿದೆಯಂತೆ. ಬಂದವರೆಲ್ಲ ಹೇಳುತ್ತಾರೆ."

"ಈ ಹಗ್ಗ ಯಾಕೆ ಮೇಷ್ಟ್ರೇ?"

"ಒಂದು ಮಗು ಮೆಟ್ಟಿಲು ತಿಳಿಯದೆ ಬಿದ್ದು ತೋಳು ಮುರಿದುಕೊಂಡಿತು. ಅಂದಿನಿಂದ ಕಟ್ಟಿದ್ದೇವೆ. ಶಾಲೆ ನೋಡಲು ಜನ ಬರುವ ದಿನ ಬಿಚ್ಚಿಡುತ್ತಾರೆ. ಆ ದಿನ ಮಕ್ಕಳು ಕೋಣೆ ಬಿಟ್ಟು ಹೊರಡುವುದಿಲ್ಲ."

ಮೇಷ್ಟ್ರ ದನಿಯಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹಗ್ಗ ಹಿಡಿದು ಮುಂದೆ ಹೋದರು. ವಾಸ್ತುಶಿಲ್ಪಿಗೆ ಆ ಹೊಳೆಯುವ ನೆಲದ ಮೇಲೆ ನಿಲ್ಲಲಾಗಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ.

ಮರುದಿನವೇ ಶಾಲೆಯ ಆಡಳಿತದವರ ಬಳಿ ಹೋಗಿ, ತಾನೇ ನಿಂತು ಪಟ್ಟಿ ಹಾಕಿಸುತ್ತೇನೆ, ಮೆಟ್ಟಿಲ ಮುಂದಿನ ನೆಲ ಒಡೆದು ಒರಟು ಕಲ್ಲು ಕೂರಿಸುತ್ತೇನೆ ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಗೋಡೆಯನ್ನು ನೋಡಲು ದೇಶ ದೇಶಗಳಿಂದ ಜನ ಬರುತ್ತಾರೆ, ಪ್ರಶಸ್ತಿ ಬಂದ ಗೋಡೆಗೆ ಮೊಳೆ ಹೊಡೆಯಲು ನಮಗೆ ಮನಸ್ಸಿಲ್ಲ ಎಂದು ಕೈಮುಗಿದರು. ಅವನು ಮತ್ತೆ ಮತ್ತೆ ಕೇಳಿದ. ಅವರು ಮತ್ತೆ ಮತ್ತೆ ಕೈಮುಗಿದರು.

ಗೆಳೆಯನನ್ನು ಮರಳಿ ಕರೆತರಲು ಹುಡುಕಿಕೊಂಡು ಹೋದ. ಗೆಳೆಯ ಒಂದು ಸಣ್ಣ ಊರಿನಲ್ಲಿ ಸಣ್ಣ ಮನೆಗಳನ್ನು ಕಟ್ಟಿಕೊಂಡಿದ್ದ. ಎಲೆ ಹಾಕಿ ಊಟ ಬಡಿಸಿದ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಬಸ್ಸಿನವರೆಗೆ ಬಂದು ಕಳಿಸಿಕೊಟ್ಟ. ತಾನು ಮಾತ್ರ ಹೊರಡಲಿಲ್ಲ.

ವಾಸ್ತುಶಿಲ್ಪಿ ಮುಂದೆಯೂ ಬಹಳ ಕಟ್ಟಿದ. ಬಂದವರೆಲ್ಲ ಆ ಶಾಲೆಯ ಫೋಟೊವನ್ನೇ ಮುಂದಿಟ್ಟು, ನಮಗೂ ಇಂಥದ್ದೇ ಬೇಕು ಎನ್ನುತ್ತಿದ್ದರು. ಅವನು ಗೆರೆ ಎಳೆದು ಕಾಯುತ್ತ ಕೂರುತ್ತಿದ್ದ. ತಿದ್ದುವವರು ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಪ್ರಶಸ್ತಿಗೆ ಕಳಿಸಬಾರದೇ?" ಎಂದಳು ವಾರಿಜಾ.

"ಕಳಿಸು ತಾಯಿ; ಆದರೆ ನಿನ್ನ ಕಟ್ಟಡದೊಳಗೆ ಯಾರು ಬದುಕುತ್ತಾರೆ ಎಂದು ನೀನಿನ್ನೂ ನನಗೆ ಹೇಳಲೇ ಇಲ್ಲ" ಎಂದರು ಗುರುಗಳು.